ದೋಣಿ ಒಡೆದವರ ಪಟ್ಟಿ

ಅಮೆರಿಕದ ಮೇನ್ ರಾಜ್ಯದ ವಬಾಡಿ ಸರೋವರದ ದಡದಲ್ಲಿರುವ ನಮ್ಮ ಬೇಸಿಗೆ ಶಿಬಿರದ ನಾಯಕತ್ವ ನಿಯಮಾವಳಿಯಲ್ಲಿ ನಾಲ್ಕನೆಯ ನಿಯಮ ಹೀಗಿದೆ: ‘ನಿಜವಾದ ನಾಯಕರು ತಾವು ಮಾಡದ ತಪ್ಪಿಗೂ ಹೊಣೆ ಹೊರುತ್ತಾರೆ.’ ಇದನ್ನು ರೂಪಿಸಿದವರು ನಿರ್ದೇಶಕರಾದ ಥ್ಯಾಡಿಯಸ್ ಆರ್ಡ್‌ವೇ ಅವರು. ಹದಿನೆಂಟು ವರ್ಷಗಳಿಂದ ಇಲ್ಲಿ ಅಡುಗೆ ಮಾಡಿಕೊಂಡಿರುವ ನಾನು ಅದರ ಸತ್ಫಲಗಳನ್ನು ಕಣ್ಣಾರೆ ಕಂಡಿದ್ದೇನೆ.

ಹೋದ ಜುಲೈನ ಒಂದು ಮಂಗಳವಾರ, ತಿಂಡಿಯ ಹೊತ್ತಿನಲ್ಲಿ, ನಿರ್ದೇಶಕರು ಹಿಂದಕ್ಕೆ ತೆಗೆದ ಟ್ರಕ್ಕು ಊಟದ ಮನೆಯ ಮುಂದೆ ಇಟ್ಟಿದ್ದ ಶಿಬಿರದ ಹಸಿರು ದೋಣಿಯ ಮೇಲೆ ಹತ್ತಿತು. ಇಡೀ ಊಟದ ಮನೆ ಪ್ಯಾನ್‌ಕೇಕ್ ಬಾಯಲ್ಲಿಟ್ಟುಕೊಂಡೇ ನೋಡಿತು. ಕೆಳಗಿಳಿದ ನಿರ್ದೇಶಕರು ಎರಡು ಹೋಳುಗಳನ್ನು ಪರಿಶೀಲಿಸಿ, “ಇದರ ಹೊಣೆ ಯಾರು ಹೊರ್ತೀರಿ?” ಎಂದು ಗಂಭೀರವಾಗಿ ಕೇಳಿದರು.

ಶಿಬಿರಾರ್ಥಿಗಳ ಮೂವತ್ತೊಂದು ಕೈಗಳು ಎದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ಪದ್ಧತಿ; ನಮ್ಮಲ್ಲಿ ಎಮ್ಮೆಗಳೇ ಸಾಲು ನಿಲ್ಲುತ್ತವೆ. ಒಬ್ಬರಿಗೆ ದೋಣಿಯ ಮೂತಿ, ಒಬ್ಬರಿಗೆ ಕೂರುವ ಹಲಗೆ, ಇನ್ನೊಬ್ಬರಿಗೆ ಮೂರು ಮೊಳೆ ಎಂದು ಹಂಚಿ ಪಟ್ಟಿ ಮಾಡಲಾಯಿತು.

ಕೈ ಎತ್ತದವಳು ನನ್ನ ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಹದಿನಾರರ ವಿಲ್ಲಾ ಪಿಂಕಮ್ ಒಬ್ಬಳೇ. ನಾಯಕರೆನಿಸಿಕೊಂಡವರಿಗೆ ಕೊಡುವ ತರಬೇತುದಾರರ ಸೀಟಿ ತನ್ನ ಕೊರಳಿಗೂ ಬೀಳಲಿ ಎಂದು ಅವಳು ಮೂರು ಬೇಸಿಗೆಯಿಂದ ಕಾದಿದ್ದಳು.

“ಸರ್, ಟ್ರಕ್ ಹತ್ತಿಸಿದ್ದು ನೀವೇ ಅಲ್ವಾ?”

“ನೋಡಮ್ಮಾ, ಇನ್ನೊಬ್ಬರ ಕಡೆ ಬೆರಳು ತೋರ್ಸೋದು ನಾಯಕರ ಲಕ್ಷಣ ಅಲ್ಲ. ಹಿಂಗಾದ್ರೆ ಸೀಟಿ ಸಿಗಲ್ಲ.”

ವಿಲ್ಲಾ ನನ್ನತ್ತ ತಿರುಗಿದಳು. “ನೀವೂ ನೋಡಿದ್ರಲ್ಲ? ಹೇಳಿ!”

ನಾನು ಆಲೂಗಡ್ಡೆಯನ್ನು ನೋಡುತ್ತಿದ್ದೆ ಎಂದು ಹೇಳಿಕೆ ಕೊಟ್ಟೆ. ನಾಚಿಕೆಯಾಯಿತು. ಅದರ ಹೊಣೆ ಹೊರಲು ಮಾತ್ರ ಯಾರೂ ಸಾಲು ನಿಲ್ಲಲಿಲ್ಲ.

ಸೀಟಿ ವಿತರಣೆಯ ಹಿಂದಿನ ದಿನ ನಾನು ಕಚೇರಿಗೆ ಕಾಫಿ ಒಯ್ದಾಗ ವಿಲ್ಲಾ ಅಲ್ಲಿ ನಿಂತಿದ್ದಳು.

“ಆಯ್ತು ಸರ್. ನಾನೇ ಒಡೆದೆ.”

ನಿರ್ದೇಶಕರು ಪಟ್ಟಿ ತಿರುವಿ ಮರುಗಿದರು. “ತಡ ಮಾಡ್ಬಿಟ್ಟೆಯಲ್ಲಮ್ಮ. ದೋಣೀಲಿ ಒಂದು ಮೊಳೆನೂ ಉಳಿದಿಲ್ಲ.” ಸ್ವಲ್ಪ ಯೋಚಿಸಿ, “ನನ್ನ ಟ್ರಕ್ಕಿನ ಬಂಪರ್ ನೆಗ್ಗಿದೆ. ಅದಿನ್ನೂ ಖಾಲಿ ಇದೆ” ಎಂದರು.

‘ನಿಂತಿದ್ದ ದೋಣಿಯನ್ನು ಟ್ರಕ್ಕಿಗೆ ಗುದ್ದಿಸಿದವಳು ನಾನೇ’ ಎಂದು ವಿಲ್ಲಾ ಬರೆದು ಸಹಿ ಹಾಕಿದಳು. ನಿರ್ದೇಶಕರು ಕಣ್ಣೊರೆಸಿಕೊಂಡರು. ಮರುದಿನ ಸೀಟಿ ಅವಳ ಕೊರಳಿಗೆ ಬಿತ್ತು.

ಈ ಬೇಸಿಗೆ ಹೊಸ ನೀಲಿ ದೋಣಿ ಬಂದಿದೆ. ಮೊದಲ ವಾರವೇ ಟ್ರಕ್ಕು ಅದರ ಮೇಲೂ ಹತ್ತಿತು. ಅಂದೇ ಶಿಬಿರ ಸೇರಿದ್ದ ಪುಟ್ಟ ಹುಡುಗಿಯೊಬ್ಬಳು, “ಅಯ್ಯೋ, ಸರ್ರೇ ದೋಣಿ ಮೇಲೆ...” ಎಂದು ಬಾಯಿ ತೆರೆದಳು.

ವಿಲ್ಲಾ ಸೀಟಿ ಊದಿದಳು. ಆಮೇಲೆ ಬಗ್ಗಿ, ಬಹಳ ಪ್ರೀತಿಯಿಂದ ಹೇಳಿದಳು:

“ಓಡು ಪುಟ್ಟಿ, ಸಾಲಲ್ಲಿ ನಿಂತ್ಕೋ. ತಡ ಆದ್ರೆ ಬಂಪರ್ ಮಾತ್ರ ಉಳಿಯತ್ತೆ.”