ಅತ್ತೆಯವರ ಹರಕೆ, ನಮ್ಮೆಲ್ಲರ ಸೂಟಿ

ಒಬ್ಬರ ಆಸೆ ತೀರಿಸಲೆಂದು ಮನೆಮಂದಿಯೆಲ್ಲ ಕೂಡಿ ಹೊರಟರೆ, ಆ ಒಬ್ಬರದು ಬಿಟ್ಟು ಉಳಿದವರೆಲ್ಲರ ಆಸೆ ತೀರುತ್ತದೆ. ನಮ್ಮ ಮನೆಯಲ್ಲಿ ಇದು ಮೇಲಿಂದ ಮೇಲೆ ನಡೆದಿದೆ. ಇದು ದೇವರ ಲೀಲೆ ಎಂದು ನಾನು ನಂಬಿಕೊಂಡಿದ್ದೇನೆ. ಮನುಷ್ಯರ ಲೀಲೆ ಎಂದರೆ ಮನೆಯಲ್ಲಿ ಜಗಳವಾಗುತ್ತದೆ.

ಆಸೆ ನಮ್ಮ ಅತ್ತೆಯವರದು. ಅವರ ತವರು ಕೃಷ್ಣಾ ಹೊಳೆಯ ಹತ್ತಿರದ ದಿಗ್ಗೇವಾಡಿ. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋದಾಗ ಕೂಸು ಹಾಲು ಕುಡಿಯದೆ ಸೊರಗಿತಂತೆ. ಅತ್ತೆಯವರು ಹೊಳೆಯ ಆಚೆ ದಂಡೆಯ ಗಂಗವ್ವನಿಗೆ ಕೈಮುಗಿದು, "ಕೂಸು ಉಳದರ ನನ್ನ ಕೈಯಾರೆ ನಿನ್ನ ಉಡಿ ತುಂಬತೀನಿ ತಾಯಿ" ಎಂದು ಹರಕೆ ಹೊತ್ತರು. ಇದೇನು ದೊಡ್ಡ ಯಾತ್ರೆಯಲ್ಲ. ಒಂದು ಹಸಿರು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಉತ್ತತ್ತಿ. ದೋಣಿಯಲ್ಲಿ ಹೊಳೆ ದಾಟಬೇಕು, ಮುತ್ತೈದೆಯಾದವಳು ದೇವಿಯ ಮುಂದೆ ಉಡಿ ತುಂಬಬೇಕು, ಉಸುಕಿನಲ್ಲಿ ಕುಂತು ಬುತ್ತಿ ಉಣ್ಣಬೇಕು, ಬರಬೇಕು.

ಕೂಸು ಉಳಿಯಿತು. ಆ ಕೂಸೇ ನಮ್ಮ ಮನೆಯವರು. ಮೊದಲು ಅತ್ತೆಯ ಅತ್ತೆ ಬಿಡಲಿಲ್ಲ, ಆಮೇಲೆ ಎಮ್ಮೆ ಬಿಡಲಿಲ್ಲ, ಆಮೇಲೆ ಕಬ್ಬು ಬಿಡಲಿಲ್ಲ. ನಾನು ಸೊಸೆಯಾಗಿ ಕಬ್ಬೂರಿಗೆ ಬಂದು ಕೆಲವು ವರ್ಷವಾದರೂ ಖಣ ಇನ್ನೂ ಟ್ರಂಕಿನಲ್ಲಿ ಡಾಂಬರು ಗುಳಿಗೆಯ ನಡುವೆ ಮಲಗಿತ್ತು. ಅಷ್ಟರಲ್ಲಿ ಹರಕೆಯ ಕೂಸಿಗೆ ನೆತ್ತಿಯ ಕೂದಲು ಉದುರತೊಡಗಿತ್ತು.

ಮಹಾಲಕ್ಷ್ಮಿಯೂ ದೇವಿಯೇ

ಮೈದುನ ಒಂದು ಹಳೆಯ ಜೀಪು ಕೊಂಡು ತಂದ. ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು. ಶನಿವಾರ ಅರ್ಧ ದಿನ, ರವಿವಾರ ಸೂಟಿ. "ಈ ಶನಿವಾರ ಅವ್ವನ ಹರಕಿ ತೀರಿಸಿಬಿಡೂನು" ಎಂದರು. ಅತ್ತೆಯವರು ಶನಿವಾರ ನಸುಕಿನಲ್ಲೇ ಮಿಂದು, ಖಣ ತೆಗೆದು ಎದೆಗವಚಿಕೊಂಡು ಕುಂತರು.

ಜೀಪು ಹತ್ತುವಾಗ ಮಾವನವರು ತಕರಾರು ತೆಗೆದರು. "ಒಬ್ಬಾಕಿ ಮಗಳು, ನಿಪ್ಪಾಣ್ಯಾಗ ಅದಾಳ. ಆಕೀನ ಬಿಟ್ಟ ಹೋದರ ಚಂದ ಕಾಣತೈತೇನು?"

ದಿಗ್ಗೇವಾಡಿ ಒಂದು ದಿಕ್ಕು, ನಿಪ್ಪಾಣಿ ಇನ್ನೊಂದು ದಿಕ್ಕು. ಜೀಪು ಮಗಳ ದಿಕ್ಕಿಗೆ ಹೊರಟಿತು. ಸಂಜೆಗೆ ನಿಪ್ಪಾಣಿ ಮುಟ್ಟಿ, ತಂಬಾಕಿನ ಘಾಟಿಗೆ ಎಲ್ಲರೂ ಸೀನಿ, ಅಲ್ಲೇ ಉಂಡು ಮಲಗಿದೆವು. ಮುಂಜಾನೆ ನಾದಿನಿ ಜರಿಸೀರೆ ಉಟ್ಟು ಬಂದು ಜೀಪಿನಲ್ಲಿ ಮುಂದೆ ಕುಂತಳು. ಅವಳ ಮಾತು ಅರ್ಧ ಕನ್ನಡ, ಅರ್ಧ ಮರಾಠಿ.

"ಅಗ ಆಯೀ, ಇಲ್ಲಿತನಾ ಬಂದೀರಿ, ಕೊಲ್ಲಾಪುರ ಅಲ್ಲೇ ಐತಿ ಕೀ! ಮಹಾಲಕ್ಷ್ಮೀನೂ ದೇವೀನ, ಗಂಗವ್ವನೂ ದೇವೀನ. ಕಶಾಲಾ ಕಾಳಜಿ, ಯಾಕ ಚಿಂತಿ?"

ಅತ್ತೆಯವರು, "ಮಾತ ಕೊಟ್ಟದ್ದು ಗಂಗವ್ವಗ ಬೇ" ಎಂದರು. ಜೀಪಿನ ಸಪ್ಪಳದಲ್ಲಿ ಅದು ಪಕ್ಕದಲ್ಲಿದ್ದ ನನಗಲ್ಲದೆ ಯಾರಿಗೂ ಕೇಳಿಸಲಿಲ್ಲ.

ಕೊಲ್ಲಾಪುರದಲ್ಲಿ ಸಾಲು ಬಹಳ ಉದ್ದವಿತ್ತು. ಮೈದುನನ ಕಾಲಲ್ಲಿ ಅಥಣಿಯಲ್ಲಿ ಹೇಳಿ ಹೊಲಿಸಿದ, ಕಿರ್ ಕಿರ್ ಎನ್ನುವ ಹೊಸ ಚಪ್ಪಲಿ. ಅವನ್ನು ಬಿಟ್ಟು ಹೋಗಲು ಅವನಿಗೆ ಜೀವ ಒಪ್ಪದು. "ಅವ್ವಾ, ಗದ್ದಲದಾಗ ನಿನಗ ಉಸರ ಕಟ್ಟತೈತಿ. ಇಲ್ಲೇ ಎಲ್ಲಾರ ಚಪ್ಪಲಿ ನೋಡಕೋತ ಕುಂಡ್ರು. ನಾವು ಬಂದ ಮ್ಯಾಲೆ ನಿನ್ನ ಕಳಸತೀವಿ." ಅತ್ತೆಯವರು ಜನ್ಮದಲ್ಲಿ ಚಪ್ಪಲಿ ಮೆಟ್ಟಿದವರಲ್ಲ. ಗೋಡೆಗೆ ಒರಗಿ, ಚಪ್ಪಲಿಗಳನ್ನು ಜೋಡಿಸಿಟ್ಟುಕೊಂಡು ಕುಂತರು.

ನಾವು ಹೊರಗೆ ಬರುವ ಹೊತ್ತಿಗೆ ಎಲ್ಲರಿಗೂ ಹಸಿವು. ಉಂಡ ಮೇಲೆ ನಾದಿನಿಗೆ ಬಳೆ, ಮಾವನವರಿಗೆ ಹೊಸ ಟೊಪ್ಪಿಗೆ. ಆಮೇಲೆ ಕತ್ತಲಾಗುತ್ತದೆ ಎಂದು ಅವಸರ. ಜೀಪಿನಲ್ಲಿ ನಾನು ಅತ್ತೆಯವರ ಕೈಗೆ ಪ್ರಸಾದ ಇಟ್ಟು, "ನಿಮಗ ದರ್ಶನ ಆಗಲಿಲ್ಲಲ್ರಿ ಅತ್ತೀ" ಎಂದೆ.

ಅವರು ಪ್ರಸಾದ ಕಣ್ಣಿಗೊತ್ತಿಕೊಂಡರು. "ಯಾಕಾಗಲಿಲ್ಲ ಯವ್ವಾ? ನಿಮ್ಮೆಲ್ಲಾರ ಪಾದರಕ್ಷೆ ದರ್ಶನ ಆತಲ್ಲ."

ಓಣಿಯ ಕಾಯಿಗಳು

ಮುಂದಿನ ಸಲ ಶ್ರಾವಣದಲ್ಲಿ ಹೊರಟೆವು. ನಮ್ಮ ಕಡೆ ಒಂದು ಪದ್ಧತಿ ಉಂಟು. ಓಣಿಯಲ್ಲಿ ಯಾರಾದರೂ ದೇವರಿಗೆ ಹೊರಟರೆ ಉಳಿದವರೆಲ್ಲ, "ನಮ್ಮ ಹೆಸರಲೆ ಒಂದ ಕಾಯಿ ಒಡಸ್ರಿ" ಎಂದು ತೆಂಗಿನಕಾಯಿ ತಂದು ಕೊಡುತ್ತಾರೆ. ಬೇಡ ಎನ್ನುವ ಹಾಗಿಲ್ಲ. ಅವರ ಪುಣ್ಯಕ್ಕೆ ನಾವು ಅಡ್ಡ ಬಂದಂತಾಗುತ್ತದೆ. ಗಂಗವ್ವನ ಸುದ್ದಿ ಹಬ್ಬಿದ್ದೇ ತಡ, ಒಬ್ಬಾಕೆ ಅರಿಷಿಣ ಬಡಿದ ಕಾಯಿ ತಂದಳು, ಇನ್ನೊಬ್ಬಾಕೆ ಸುಣ್ಣದ ಬೊಟ್ಟು ಇಟ್ಟದ್ದು, ಮತ್ತೊಬ್ಬಾಕೆ ಕೆಂಪು ದಾರ ಸುತ್ತಿದ್ದು. ಯಾವುದು ಯಾರದೆಂದು ನಾನು ನೆನಪಿಟ್ಟುಕೊಳ್ಳುತ್ತ ಹೋದೆ. ಜೀಪಿನ ಹಿಂಬದಿ ಕಾಯಿಯ ಚೀಲಗಳಿಂದ ತುಂಬಿತು. ನಾದಿನಿಯೂ ಬಂದಿದ್ದಳು. ಎಲ್ಲರೂ ಹತ್ತಿದರು, ಅತ್ತೆಯವರಿಗೆ ಕಾಲಿಡಲು ಜಾಗವಿಲ್ಲ.

"ಒಂದ ಚೀಲ ಇಳಸೋ" ಎಂದರು ನಮ್ಮ ಮನೆಯವರು.

ಮೈದುನ ತಲೆ ಕೆರೆದುಕೊಂಡ. "ಹೆಂಗ ಇಳಸೂದಣ್ಣಾ? ಕಾಯಿ ಇಳಸಿದರ ಓಣಿ ಬೈತೈತಿ. ಅವ್ವನ ಇಳಸಿದರ ಅವ್ವ ಬೈಯೂದಿಲ್ಲ."

ನಾನು, "ನಾ ಇಳೀತೀನ್ರಿ" ಎಂದೆ. ಅತ್ತೆಯವರೇ ತಡೆದರು. "ನೀ ಇಳದರ ಯಾವ ಕಾಯಿ ಯಾರದು ಅಂತ ಇವರಿಗೇನ ಗೊತ್ತು? ಹೋಗು. ಮಂದಿ ಹರಕಿ ಕೆಡಬಾರದು."

ಹೊಳೆಗೆ ಹೋಗಿ ನೋಡಿದರೆ ಕೆಂಪು ನೀರು ದಂಡೆಗೆ ಬಡಿಯುತ್ತಿದೆ. ದೋಣಿಯನ್ನು ಬೋರಲು ಹಾಕಿ ಗಿಡಕ್ಕೆ ಕಟ್ಟಿದ್ದಾರೆ. ಅಂಬಿಗ ಚಹಾ ಕುಡಿಯುತ್ತ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಶ್ರಾವಣದಾಗ ಹೊಳಿ ದಾಟಾಕ ಬಂದೀರೇನ್ರಿ? ಯಾ ಊರವ್ರಿ ನೀವು?" ಎಂದ. ಹೊಳೆ ತುಂಬಿರುತ್ತದೆ ಎಂದು ಹೊಳೆಯ ಊರಿನ ಮಗಳಾದ ಅತ್ತೆಯವರಿಗೆ ಗೊತ್ತಿರಲಿಲ್ಲವೇ? ಆದರೆ ಅವರನ್ನು ಕೇಳಿದವರಾರು? ಆಚೆ ದಂಡೆಯ ಕಡೆ ಮುಖ ಮಾಡಿ ಕಾಯಿಯೆಲ್ಲ ಒಡೆದು ಬಂದೆವು.

ಮರುದಿನ ಓಣಿಗೆ ಕೊಬ್ಬರಿ ಹಂಚಿದವರು ಅತ್ತೆಯವರೇ. ಸುಣ್ಣದ ಬೊಟ್ಟಿನಾಕೆ, "ಹೆಂಗ ಅದಾಳ್ರೀ ಎಕ್ಕಾ, ನಿಮ್ಮ ಗಂಗವ್ವ?" ಎಂದು ಕೇಳಿದಳು.

ಅತ್ತೆಯವರು ಕಾಯಿಯ ಹೋಳು ಅವಳ ಕೈಗಿಟ್ಟರು. "ಇದನ್ನ ಕೇಳವಾ. ಹೊಳಿತನಕ ಹೋಗಿ ಬಂದದ್ದು ಇದು."

ಕಾಗವಾಡದ ದ್ರಾಕ್ಷಿ

ಮೂರನೆಯ ಸಲ ಜೀಪು ಸರಿಯಾದ ದಿಕ್ಕಿಗೇ ಹೊರಟಿತ್ತು. ನಾನು ಮನಸ್ಸಿನಲ್ಲೇ ಶಿವನಿಗೆ ಕೈಮುಗಿದೆ. ಸ್ವಲ್ಪ ಮುಂಚೆಯೇ ಮುಗಿದೆನೆಂದು ಕಾಣುತ್ತದೆ. ಮೈದುನನಿಗೆ ದ್ರಾಕ್ಷಿ ಹಚ್ಚುವ ಹುಚ್ಚು ಹಿಡಿದಿತ್ತು. "ಕಾಗವಾಡದಾಗ ಪರಿಚಯದವರ ದ್ರಾಕ್ಷಿ ಪಡ ಐತಿ, ಒಂದ ನಜರ ನೋಡಿ ಹೊಳಿಗೆ ಹೋಗೂನು" ಎಂದ. ಆ ಒಂದು ನಜರು ಶನಿವಾರ ಮಧ್ಯಾಹ್ನ ಶುರುವಾಗಿ ರವಿವಾರ ಸಂಜೆಗೆ ಮುಗಿಯಿತು. ಯಾವ ಬಳ್ಳಿಗೆ ಯಾವ ಔಷಧ ಹೊಡೆಯಬೇಕೆಂದು ಗಂಡಸರು ನಿಂತಲ್ಲೇ ನಿಂತಿದ್ದರು. ಅತ್ತೆಯವರು ಚಪ್ಪರದ ನೆರಳಲ್ಲಿ ಖಣ ತೊಡೆಯ ಮೇಲಿಟ್ಟುಕೊಂಡು ಕುಂತಿದ್ದರು.

ಹೊರಡುವಾಗ ಆ ಮನೆಯಾಕೆ, ಪಾಪ, ಒಳ್ಳೆಯ ಹೆಣ್ಣುಮಗಳು, ಅತ್ತೆಯವರಿಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಮೇಲೆ ದ್ರಾಕ್ಷಿಯ ಗೊಂಚಲು ಇಟ್ಟಳು. ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡ್ರೋ, ಉಡಿ ತುಂಬಾಕ ಹೊಂಟಾಕಿ ಉಡಿ ತುಂಬಿಸಿಕೊಂಡ ಹೊಳ್ಳ್ಯಾಳ! ಮುಂದಿನ ವರ್ಷ ನಾನ ಖುದ್ದ ಕರಕೊಂಡ ಹೋಗತೀನಿ, ತಗೋ."

ಅತ್ತೆಯವರೂ ಆ ದಿನ ನಕ್ಕರು. ಅವರ ಉಡಿಯನ್ನು ಮತ್ತೊಬ್ಬರು ತುಂಬಿದ್ದು ಅದೇ ಕೊನೆ. ಮಳೆಗಾಲ ಬರುವುದರೊಳಗೆ ಮಾವನವರು ಶಿವನ ಪಾದ ಸೇರಿದರು. ನಮ್ಮ ಮನೆಯಲ್ಲಿ ಕೊಟ್ಟ ಮಾತು ತಪ್ಪಿದವರಲ್ಲಿ ಸರಿಯಾದ ಕಾರಣವಿದ್ದವರು ಅವರೊಬ್ಬರೇ.

ಸಮಾಧಾನ

ಬಳೆ ತೆಗೆದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅತ್ತೆಯವರು ಮೂಲೆಯಲ್ಲಿ ಕುಂತಿದ್ದರು. ಇನ್ನು ಅವರು ತಮ್ಮ ಕೈಯಾರೆ ಯಾರ ಉಡಿಯನ್ನೂ ತುಂಬುವಂತಿಲ್ಲ. ಅವರಿಗೆ ಸಮಾಧಾನ ಹೇಳಲು ನಿಪ್ಪಾಣಿಯಿಂದ ಮಗಳು ಬಂದಳು, ಕೊರಳಿಗೆ ಬಿದ್ದು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಹೇಳಿದಳು: "ಆಯೀ, ನೀ ಹರಕಿ ಮರತಿ. ಗಂಗವ್ವ ಮುನದ್ಲು. ಅದಕ್ಕ ಹಿಂಗಾತು."

ಕೊಲ್ಲಾಪುರದ ಬಳೆಗಳು ಅವಳ ಕೈಯಲ್ಲಿ ಸಪ್ಪಳ ಮಾಡುತ್ತಿದ್ದವು. ಅತ್ತೆಯವರು ಅವನ್ನೇ ನೋಡಿದರು.

"ಮರತಿಲ್ಲ ಬೇ. ನಮ್ಮ ಮಂದಿಗೆ ಸೂಟಿ ಸಿಗವಲ್ದು ಅಂತ ಆಕಿಗೆ ಹೇಳಿ ಕಳಿಸೇನಿ. ನಿಮ್ಮಪ್ಪನ ಕೈಲೇ."

ಹೊಳೆ ದಾಟಿದ್ದು

ಎರಡು ಬೇಸಿಗೆ ಕಳೆದ ಮೇಲೆ, ದೇವರು ಕಣ್ಣು ತೆರೆದನೋ ಜೀಪು ಮಾರುವ ಮುಂಚೆ ಒಮ್ಮೆ ತಿರುಗಾಡಿಬಿಡೋಣ ಎಂದು ಮೈದುನನಿಗೆ ಅನಿಸಿತೋ, ನಾವು ನಿಜವಾಗಿಯೂ ಹೊಳೆಯ ದಂಡೆಗೆ ಹೋಗಿ ಮುಟ್ಟಿದೆವು. ನೀರು ಇಳಿದು ತಿಳಿಯಾಗಿತ್ತು. ಜೀಪನ್ನು ದೂರದ ಜಾಲಿಗಿಡದ ಬುಡದಲ್ಲಿ ನಿಲ್ಲಿಸಿ ಉಸುಕಿನಲ್ಲಿ ನಡೆದು ಬಂದೆವು. ಆಚೆ ದಂಡೆಯಲ್ಲಿ ಗಂಗವ್ವನ ಸಣ್ಣ ಗುಡಿ ಕಾಣುತ್ತಿತ್ತು. ಅತ್ತೆಯವರು ಅದನ್ನು ನೋಡಿ ನಿಂತಲ್ಲೇ ಕೈಮುಗಿದರು.

ಗಂಗವ್ವನ ದಂಡೆಗೆ ಚಪ್ಪಲಿ ಒಯ್ಯುವಂತಿಲ್ಲ. ಎಲ್ಲರೂ ಈಚೆ ದಂಡೆಯಲ್ಲೇ ಬಿಟ್ಟೆವು. ಉಡಿ ಹೇಗೂ ನಾನೇ ತುಂಬುವುದೆಂದು ಮನೆಯಲ್ಲೇ ಗೊತ್ತಾಗಿತ್ತು. ಅತ್ತೆಯವರಿಗೆ ಅಷ್ಟೇ ಸಾಕಿತ್ತು: ದಾಟಿ ಹೋಗಿ, ಪಕ್ಕದಲ್ಲಿ ನಿಂತು, ಕಣ್ಣಾರೆ ನೋಡಿ ಬರುವುದು. ದೋಣಿ ಹತ್ತಲು ಸೀರೆಯ ನಿರಿಗೆ ಎತ್ತಿ ಒಂದು ಕಾಲನ್ನು ನೀರಲ್ಲಿ ಇಟ್ಟರು.

"ಥಾಂಬ ಆಯೀ, ನಿಂದರ!" ಎಂದಳು ನಾದಿನಿ. "ಉಡಿ ಒಯ್ಯೂ ದೋಣ್ಯಾಗ ಮುತ್ತೈದೇರ ಅಷ್ಟ ಕುಂಡ್ರಬೇಕು. ನೀ ಬಂದರ ಚಲೋ ಅಲ್ಲ."

ಅತ್ತೆಯವರು ಹಿರಿಯ ಮಗನ ಮುಖ ನೋಡಿದರು. ನಮ್ಮ ಮನೆಯವರು ಆಕಾಶ ನೋಡಿದರು. ನಾನು, "ಹರಕಿ ಅವರದು, ಅವರನ್ನ ಬಿಟ್ಟ ದಾಟಿದರ ದೇವಿ ಮೆಚ್ಚತಾಳೇನ್ರಿ? ಬರಲಿ ಬಿಡ್ರಿ" ಎಂದೆ.

"ನಿನಗ ಗೊತ್ತಾಗೂದಿಲ್ಲ ವೈನೀ, ಶಾಸ್ತ್ರ ಇರತೈತಿ" ಎಂದ ಮೈದುನ. ಎಲ್ಲರಿಗಿಂತ ಮೊದಲು ತಾನೇ ದೋಣಿಗೆ ಹಾರಿ, ಒಳ್ಳೆಯ ಜಾಗ ನೋಡಿ ಕುಂತು ಬೀಡಿ ಹಚ್ಚಿದ. ಅವನು ಯಾವಾಗ ಮುತ್ತೈದೆಯಾದ ಎಂದು ಯಾರೂ ಕೇಳಲಿಲ್ಲ. ಅವನ ಹಿಂದೆಯೇ ನಮ್ಮ ಮನೆಯವರೂ ಹತ್ತಿದರು.

ಅಂಬಿಗ, "ಆಯಿ ಬರೂದಿಲ್ಲೇನ್ರಿ? ಜಾಗಾ ಐತಲ್ರಿ" ಎಂದ.

"ಇಲ್ಲೋ ಮಾರಾಯಾ" ಎಂದರು ನಮ್ಮ ಮನೆಯವರು. "ಯಾರಾರ ಒಬ್ಬರು ಚಪ್ಪಲಿ ಕಾಯಬೇಕಲ್ಲ."

ಅತ್ತೆಯವರು ನೀರಿನಿಂದ ಕಾಲು ತೆಗೆದರು. ಖಣವನ್ನು ನನ್ನ ಕೈಗಿಟ್ಟರು. ಮಡಿಕೆ ಬಿದ್ದಲ್ಲೆಲ್ಲ ಹಸಿರು ಬಣ್ಣ ಹೋಗಿ ಬಿಳಿ ಗೆರೆ ಮೂಡಿತ್ತು. "ತುಂಬುವಾಗ ನನ್ನ ಹೆಸರ ಹೇಳು ಯವ್ವಾ" ಎಂದರು. ಅಷ್ಟೇ.

ದೋಣಿ ನಡುಹೊಳೆಗೆ ಬಂದಾಗ ನಾದಿನಿ ತಿರುಗಿ ನೋಡಿ ಕೂಗಿದಳು: "ಅರೇ, ಬಘಾ! ಆಯಿ ಟಾಟಾ ಮಾಡಾಕತ್ತಾಳ!"

ನೋಡಿದರೆ ನಿಜ. ದೂರದಲ್ಲಿ ಅತ್ತೆಯವರು ದಂಡೆಯ ಅಂಚಿಗೆ ನಿಂತು ಕೈ ಎತ್ತಿ ಬೀಸುತ್ತಿದ್ದಾರೆ. ನಾವೆಲ್ಲರೂ ಕೈ ಬೀಸಿದೆವು. ನಾವು ಬೀಸಿದಷ್ಟೂ ಅವರು ಇನ್ನೂ ಜೋರಾಗಿ, ತೋಳನ್ನು ಹಿಂದಕ್ಕೆ ಎಳೆದು ಬೀಸುತ್ತಿದ್ದರು. ನಮ್ಮ ಮನೆಯವರಿಗೆ ಕಣ್ಣಲ್ಲಿ ನೀರು ಬಂತು. "ಅವ್ವ ಎಷ್ಟ ಖುಷಿ ಆಗ್ಯಾಳ ನೋಡು. ಕಡೀಕೂ ಆಕಿ ಆಸೆ ತೀರಿಸಿದಿವಿ."

ಆಚೆ ದಂಡೆಯಲ್ಲಿ ನಾನು ಉಡಿ ತುಂಬಿದೆ. ಅತ್ತೆಯವರ ಹೆಸರನ್ನು ದೊಡ್ಡ ದನಿಯಲ್ಲೇ ಹೇಳಿದೆ. ಉಳಿದವರು ಉಸುಕಿನಲ್ಲಿ ಕುಂತು ಬುತ್ತಿ ಬಿಚ್ಚಿದರು. ಮರಳಿ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅತ್ತೆಯವರು ಉಸುಕಿನ ಮೇಲೆ ಕೈಕಟ್ಟಿ ಕುಂತಿದ್ದರು. ಸುತ್ತಮುತ್ತ ಏನೂ ಇರಲಿಲ್ಲ.

ಮೈದುನ ದೋಣಿಯಿಂದಲೇ ಕೇಳಿದ. "ಅವ್ವಾ, ಚಪ್ಪಲಿ ಎಲ್ಯಾವ?"

"ಹೋಗ್ಯಾವ."

"ಎಲ್ಲಿ ಹೋಗ್ಯಾವ?"

"ನೀವೆಲ್ಲಾ ದಾಟಾಕ ಹತ್ತಿದ್ರಿ. ಅವು ಇಲ್ಲಿ ಕುಂತ ಏನ ಮಾಡಾವ ಪಾಪ? ಅವಕ್ಕೂ ಆಸೆ ಇರತೈತಿ. ಒಂದೊಂದ ಕಳಿಸಿಕೊಟ್ಟೆ."

ಮೈದುನ ತಲೆಯ ಮೇಲೆ ಕೈ ಹೊತ್ತ. "ಅವ್ವಾ! ಅಥಣಿ ಚಪ್ಪಲಿ ಬೇ ಅವು!"

"ನಾ ಹೊಳಿಗೆ ಒಗ್ಯೂವಾಗ ನೀ ಕೈ ಬೀಸಿದೆಲ್ಲೋ. ಬ್ಯಾಡಾಗಿದ್ದರ ಆಗ ಹೇಳಬೇಕಿತ್ತು."

ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನಿನ್ನೂವೂ ಒಗದೆ ಮಗಳ. ನಿನ್ನೂವಷ್ಟ ಉಳದಿದ್ದರ ಇವರು ನಿನ್ನ ಕಾಡತಿದ್ದರು."

ಜೀಪಿನವರೆಗೆ ಕಾದ ಉಸುಕು, ಅದರಾಚೆ ಜಾಲಿಮುಳ್ಳು. ನಾದಿನಿ ಜರಿಸೀರೆ ಎತ್ತಿಕೊಂಡು ಕುಣಿಯುತ್ತ, "ಆಯೀ ಗ!" ಎಂದು ತಾಯಿಯನ್ನೇ ಕರೆಯುತ್ತಿದ್ದಳು. ನಮ್ಮ ಮನೆಯವರು ಒಂಟಿಗಾಲಲ್ಲಿ ನಿಂತು ಮುಳ್ಳು ಕೀಳುತ್ತಿದ್ದರು. ಮೈದುನ ಟವೆಲ್ಲನ್ನು ಹಾಸಿ ಅದರ ಮೇಲೆ ಹೆಜ್ಜೆ ಇಟ್ಟು, ಮತ್ತೆ ತೆಗೆದು ಮುಂದೆ ಹಾಸುತ್ತಿದ್ದ. ಎಲ್ಲರಿಗಿಂತ ಮುಂದೆ, ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಡೆದ ಅತ್ತೆಯವರು ಸರಸರ ನಡೆದಿದ್ದರು. ಒಮ್ಮೆ ಮಾತ್ರ ತಿರುಗಿ ನೋಡಿದರು.

"ಲಗೂ ಲಗೂ ಬರ್ರೆಲೇ! ದೇವಿಗೆ ಹೋಗಿ ಬರಾಕತ್ತೀರಿ, ಬರಿಗಾಲಲೆ ನಡದರ ಪುಣ್ಯ. ಶಾಸ್ತ್ರ ಐತಿ!"

ಅತ್ತೆಯವರು ಕೊನೆಯವರೆಗೂ ಆ ಹೊಳೆ ದಾಟಲಿಲ್ಲ. ನಾನು ದಿನವೂ ಪೂಜೆಗೆ ಕುಂತಾಗ ಗಂಗವ್ವನನ್ನು ನೆನೆಯುತ್ತೇನೆ. ನಾವು ತುಂಬಿದ ಉಡಿಯನ್ನು ಆ ತಾಯಿ ಒಪ್ಪಿಕೊಂಡಳೋ ಇಲ್ಲವೋ, ಅದು ಅವಳಿಗೇ ಗೊತ್ತು. ಅತ್ತೆಯವರು ತಮ್ಮ ಕೈಯಾರೆ ಕೊಟ್ಟದ್ದನ್ನಂತೂ ಮನಸಾರೆ ಒಪ್ಪಿಕೊಂಡಳು. ಒಂದೇ ಒಂದು ಚಪ್ಪಲಿಯೂ ತಿರುಗಿ ದಂಡೆಗೆ ಬರಲಿಲ್ಲ.