ಇಷ್ಟು ಓದಿದರೆ ಸಾಕು

ಯಾರು ಏನು ಕೊಟ್ಟರೂ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗೋಕಾಕ ಬಸ್ ನಿಲ್ದಾಣದಲ್ಲಿ ಮೂಲವ್ಯಾಧಿ ಔಷಧದ ಚೀಟಿ ಹಂಚುವವನು ಅಷ್ಟು ಜನರ ನಡುವೆ ನನ್ನನ್ನೇ ಹುಡುಕಿಕೊಂಡು ಬರುತ್ತಾನೆ. ನಾನೂ ಅದನ್ನು ಪೂರ್ತಿ ಓದಿ, ಮಡಚಿ ಕಿಸೆಯಲ್ಲಿಟ್ಟುಕೊಳ್ಳುತ್ತೇನೆ. ಆ ಕಾಯಿಲೆ ನನಗಿಲ್ಲ. ಆದರೆ ಮುಂದೆ ಬಂದರೆ? ಬಟ್ಟೆ ಒಗೆಯುವಾಗ ನನ್ನ ಹೆಂಡತಿ ಶೈಲಾ ಅಂಗಿಯಿಂದ ಒದ್ದೆ ಕಾಗದದ ಮುದ್ದೆ ತೆಗೆದು ಎದುರಿಗಿಟ್ಟು, "ಇದನ್ನ ಒಣಗಿಸಿ ಮತ್ತ ಓದತೀರೇನ್ರಿ?" ಎಂದು ಕೇಳುವುದುಂಟು. ಇಂಥ ಮನುಷ್ಯನ ಕೈಗೆ ಮೊಬೈಲು ಬಂದು, ಅವನು ಹೈಸ್ಕೂಲು ಮಾಸ್ತರನೂ ಆಗಿ, ಅವನ ಒಬ್ಬಳೇ ಮಗಳು ಎಸ್ಸೆಸ್ಸೆಲ್ಸಿಗೆ ಬಂದರೆ ಏನಾಗಬೇಕೋ ಅದೇ ನಮ್ಮ ಮನೆಯಲ್ಲಿ ಆಯಿತು.

ನಾನು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಗೋಕಾಕದಲ್ಲಿ, ಮಗಳು ಸಹನಾ ಓದುವುದೂ ಅಲ್ಲಿಯೇ. ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕಡೆ ಮಾಸ್ತರರೆಲ್ಲ ಸೇರಿ ‘ಪಾಸಿಂಗ್ ಪ್ಯಾಕೇಜ್’ ತಯಾರಿಸುತ್ತಾರೆ. ಏನು ಮಾಡಿದರೂ ತಲೆಗೆ ಹತ್ತದ ಮಕ್ಕಳು ಇಷ್ಟಾದರೂ ಓದಿ ದಡ ಸೇರಲಿ ಎಂದು ಮಾಡಿದ ಹತ್ತಿಪ್ಪತ್ತು ಪುಟ ಅದು. ಹುಕ್ಕೇರಿಯವರದು ಬೇರೆ, ಮೂಡಲಗಿಯವರದು ಬೇರೆ, ಗೋಕಾಕದವರದು ಬೇರೆ. ಮೊದಲ ಪುಟದ ಮೇಲೆ ಮಾತ್ರ ಎಲ್ಲರದೂ ಒಂದೇ ಭರವಸೆ: ‘ಇಷ್ಟು ಓದಿದರೆ ಸಾಕು’. ವರ್ಗದಲ್ಲಿ ಮೊದಲ ಮೂವರೊಳಗೆ ಬರುವ ಸಹನಾಳಿಗೆ ಇದರ ಅಗತ್ಯವೇ ಇರಲಿಲ್ಲ. ಆದರೆ ಬಂದದ್ದನ್ನು ಬಿಡುವುದು ಹೇಗೆ? ಯಮಕನಮರಡಿಯ ಗೆಳೆಯ ಕಳಿಸಿದ್ದು, ಸಂಕೇಶ್ವರದ ಗೆಳೆಯ ಕಳಿಸಿದ್ದು, ಯಾರು ಕಳಿಸಿದರೆಂದು ಗೊತ್ತಿಲ್ಲದ್ದು, ಹೀಗೆ ಹನ್ನೊಂದು ‘ಇಷ್ಟು ಸಾಕು’ಗಳು ಅವಳ ಮೊಬೈಲು ಸೇರಿದವು. ಮೇಲೆ ನೆನಪಿನ ಶಕ್ತಿ ಹೆಚ್ಚಿಸುವ ವಿಡಿಯೊ, ಆತಂಕ ಕಡಿಮೆ ಮಾಡುವ ವಿಡಿಯೊ. ಈ ಎರಡನೆಯದು ಒಂದೂವರೆ ತಾಸಿನದು. ಅದನ್ನು ನೋಡಲು ಪುರುಸೊತ್ತು ಸಿಗದೆ ಹುಡುಗಿಗೆ ಆತಂಕ ಶುರುವಾಯಿತು.

ಮೊದಲು ಕಂಡದ್ದು ಶೈಲಾಳಿಗೆ. "ಆಕಿ ಊಟಾ ನೋಡೀರೇನ್ರಿ? ರೊಟ್ಟಿ ಒಂದ್ ಚೂರು, ಅನ್ನಾ ಒಂದ್ ತುತ್ತು, ಯಾವದೂ ಪೂರಾ ಇಲ್ಲ. ಓದೂದೂ ಹಂಗ ಐತಿ" ಎಂದಳು. ನಾನು ಹೋಗಿ ನೋಡಿದರೆ ಸಹನಾ ಒಂದು ಪ್ಯಾಕೇಜು ತೆರೆಯುತ್ತಾಳೆ, ಎರಡು ಪುಟ ಸರಿಸುತ್ತಾಳೆ, ಬಿಟ್ಟು ಇನ್ನೊಂದನ್ನು ತೆರೆಯುತ್ತಾಳೆ. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳು ಕೆಂಪಾಗಿದ್ದವು.

"ಅಪ್ಪಾ, ಓದಿದ್ದ್ಯಾವದು, ಬರೇ ನೋಡಿದ್ದ್ಯಾವದು, ನನಗ ತಿಳೀವಲ್ದು" ಎಂದಳು.

ನನಗೆ ತಿಳಿದ ಮದ್ದು ಒಂದೇ. ‘ವಿದ್ಯಾರ್ಥಿಗಳಲ್ಲಿ ಗೊಂದಲ: ನಿವಾರಣೆಗೆ ಮೂವತ್ತು ಸೂತ್ರಗಳು’ ಎಂಬುದನ್ನು ಹುಡುಕಿ ತಕ್ಷಣ ಅವಳಿಗೆ ಕಳಿಸಿದೆ.

ಅಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂದು ಹೋಯಿತು. ಈ ಸಲ ಒಂದು ಶಾಲೆಯ ಉತ್ತರಪತ್ರಿಕೆಯನ್ನು ಬೇರೆ ತಾಲೂಕಿನ ಶಾಲೆಯವರು ತಿದ್ದಬೇಕೆಂದಾಯಿತು. ಮಕ್ಕಳ ಹೆಸರಿಲ್ಲ, ಶಾಲೆಯ ಹೆಸರಿಲ್ಲ, ಬರೀ ನಂಬರು. ನನ್ನ ಪಾಲಿಗೆ ಬಂದ ಕಟ್ಟಿನಲ್ಲಿ ಒಂದು ವಿಚಿತ್ರ ಪತ್ರಿಕೆ ಇತ್ತು. ೧೮೫೭ರ ದಂಗೆಗೆ ಕಾರಣಗಳೇನು ಎಂಬ ಪ್ರಶ್ನೆಗೆ ಆ ಮಗು ‘ಹುಕ್ಕೇರಿ ಪ್ರಕಾರ ಕಾರಣಗಳು ಆರು’ ಎಂದು ಬರೆದು, ಒಂದು ಸಾಲಿನ ನಂತರ ಅಡ್ಡಗೆರೆ ಎಳೆದು ಕಾಟು ಹೊಡೆದಿತ್ತು. ಕೆಳಗೆ ‘ಮೂಡಲಗಿ ಪ್ರಕಾರ ಐದು’, ಅದಕ್ಕೂ ಕಾಟು. ‘ಗೋಕಾಕ ಪ್ರಕಾರ ಎಂಟು’, ಅದಕ್ಕೂ ಕಾಟು. ಮುಂದೆ ಪುಟವೆಲ್ಲ ಖಾಲಿ. ಬ್ರಿಟಿಷರ ವಿರುದ್ಧ ಮೂರು ತಾಲೂಕುಗಳು ಬೇರೆ ಬೇರೆ ದಂಗೆ ಎದ್ದಂತೆ ಕಾಣುತ್ತಿತ್ತು. ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಅದನ್ನು ಅಭಿನಯ ಸಹಿತ ಓದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗಣಿತದ ಪಾಟೀಲ ಸರ್ ಒಬ್ಬರೇ ನಗಲಿಲ್ಲ. "ಹುಡುಗಿ ಅಕ್ಷರ ಇದ್ದಂಗ ಐತ್ರಿ. ಪಾಪ, ಎಷ್ಟ್ ಗಾಬರಿ ಆಗಿರಬೇಕು" ಎಂದರು.

ಆಗ ನನಗೂ ಆ ಮಗುವಿನ ಮೇಲೆ ಕನಿಕರ ಹುಟ್ಟಿತು, ಅದರ ತಂದೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಮೊದಲ ಪುಟದ ಮೇಲೆ ಕೆಂಪು ಮಸಿಯಲ್ಲಿ ಬರೆದೆ: ‘ಈ ಮಗುವಿನ ತಲೆಯಲ್ಲಿ ಅತಿಯಾಗಿ ತುರುಕಲಾಗಿದೆ. ತುರುಕಿದವರನ್ನು ಶಾಲೆಗೆ ಕರೆಸಿ ಬುದ್ಧಿ ಹೇಳತಕ್ಕದ್ದು.’ ಕೆಳಗೆ ಉದ್ದ ಬಾಲದ ನನ್ನ ಸಹಿ. ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಎರಡು ಕಪ್ ಚಹಾ ಕುಡಿದೆ.

ನಾಲ್ಕು ದಿನದ ಮೇಲೆ, ಸಂಜೆ ಬಸ್ಸಿಳಿದು ಮನೆಗೆ ಬಂದರೆ ಸಹನಾ ಬಾಗಿಲಲ್ಲೇ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. "ಅಪ್ಪಾ, ನಾಳೆ ನಿನ್ನನ್ನ ನಮ್ಮ ಸಾಲಿಗೆ ಕರದಾರ" ಎಂದು ಉತ್ತರಪತ್ರಿಕೆ ಚಾಚಿದಳು. ಮೇಲೆ ಕೆಂಪು ಮಸಿ, ಉದ್ದ ಬಾಲದ ಸಹಿ. ಅವಳು ಅದನ್ನು ಆಗಲೇ ಗುರುತು ಹಿಡಿದಿದ್ದಳು. ನಾನು ಅವಳ ಅಕ್ಷರವನ್ನು ಗುರುತು ಹಿಡಿದಿರಲಿಲ್ಲ. ಏಳನೆಯ ವರ್ಗದ ನಂತರ ನಾನು ಅವಳ ವಹಿಯನ್ನು ತೆರೆದು ನೋಡಿದ್ದೇ ಇಲ್ಲ ಎಂಬುದು ಬಾಗಿಲಲ್ಲಿ ನಿಂತೇ ನೆನಪಾಯಿತು. ಕಳಿಸುವುದರಲ್ಲಿ ಮುಳುಗಿದವನಿಗೆ ನೋಡಲು ಸಮಯ ಎಲ್ಲಿತ್ತು? ಸ್ಟಾಫ್ ರೂಮಿನಲ್ಲಿ ನಕ್ಕದ್ದೂ ನೆನಪಾಗಿ ನಾಚಿಕೆಯಿಂದ ಕಿವಿ ಬಿಸಿಯಾದವು. ಅವಳಿಗೆ ಅದನ್ನು ಇನ್ನೂ ಹೇಳಿಲ್ಲ.

ಮರುದಿನ, ಸಹಿ ನನ್ನದೇ ಎಂದು ನಾನು ಒಪ್ಪಿಕೊಂಡಾಗ, ಅವಳ ಶಾಲೆಯ ಮುಖ್ಯೋಪಾಧ್ಯಾಯಿನಿ ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿದರು. "ಸರ, ಬುದ್ಧಿ ಹೇಳ್ರಿ ಅಂತ ಬರದಾವ್ರೂ ನೀವ, ಹೇಳಿಸ್ಕೊಳ್ಳಾಕ ಬಂದಾವ್ರೂ ನೀವ. ನಾ ನಡುವ ಏನ್ ಮಾಡ್ಲಿ?" ಎಂದರು. ಅವರು ಚಹಾ ತರಿಸಿದರು. ಬೇಡ ಎನ್ನಲಾಗದೆ ಕುಡಿದೆ.

ಅಂದೇ ಸಹನಾ ಪಠ್ಯಪುಸ್ತಕವನ್ನಷ್ಟೇ ಇಟ್ಟುಕೊಂಡು ಹನ್ನೊಂದು ಪ್ಯಾಕೇಜನ್ನೂ ಅಳಿಸಿದಳು. ಅವಳು ಒಂದೊಂದನ್ನು ಅಳಿಸುವಾಗಲೂ ನನಗೆ ಹಲ್ಲು ಕಿತ್ತ ಹಾಗಾಗುತ್ತಿತ್ತು. "ನಾನೇನ್ ಮಾಡ್ಲಿ ಹೇಳವ್ವಾ" ಎಂದು ಕೇಳಿದೆ. "ನೀ ಬಾಜೂ ಕುಂದರು. ಆದ್ರ ಏನೂ ಹೇಳಬ್ಯಾಡ" ಎಂದಳು. ಪರೀಕ್ಷೆಗೆ ಇನ್ನು ಇಪ್ಪತ್ತು ದಿನ. ಅವಳ ಉಗುರು ಇನ್ನೂ ಬೆಳೆದಿಲ್ಲ, ನನ್ನ ಹೆದರಿಕೆಯೂ ಹೋಗಿಲ್ಲ. ನಿನ್ನೆ ಅದೇ ದಂಗೆಯ ಉತ್ತರ ಬರೆಯುತ್ತಿದ್ದಳು. ನಾಲ್ಕು ಕಾರಣ ಬರೆದು, ಕಾಟು ಹೊಡೆಯದೆ, ಪೆನ್ನು ಕೆಳಗಿಟ್ಟಳು. ಐದನೆಯದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಬಿಗಿ ಹಿಡಿದು ಕುಳಿತೆ.

"ಅಪ್ಪಾ, ಹೇಳಬ್ಯಾಡ ಅಂದೇನಿ."

"ನಾ ಏನಂದೆವ್ವಾ? ಬಾಯಿ ಸೈತ ತಗದಿಲ್ಲ."

"ನಿನ್ನ ಮಾರಿ ಹೇಳಾಕತ್ತೈತಿ."

ಹಾಗಾಗಿ ಈಗ ಅವಳು ಓದುವಾಗ ನಾನು ಗೋಡೆಯ ಕಡೆ ಮುಖ ಮಾಡಿ ಕೂರುತ್ತೇನೆ, ವರ್ಗದಲ್ಲಿ ಪಕ್ಕದವರನ್ನು ಓದಲು ಬಿಡದ ಹುಡುಗರನ್ನು ನಾನು ಕೂರಿಸುತ್ತೇನಲ್ಲ, ಹಾಗೆ.