ತುಪ್ಪ ಅರಗಿಸುವ ಮಾತ್ರೆ

ಉಳವಿಯ ಬೀಗರು ಹೋಳಿಗೆ ಊಟಕ್ಕೆ ಕರೆದದ್ದು, ಡಾಕ್ಟರು ಪರಮಶಿವಪ್ಪನ ರಕ್ತ ಪರೀಕ್ಷೆಗೆ ಗೊತ್ತುಮಾಡಿದ್ದ ದಿನವೇ. ಹೋದ ತಿಂಗಳು ಗಾಜಿನ ಕೊಳವೆಯಲ್ಲಿ ನಿಲ್ಲಿಸಿದ ಅವನ ರಕ್ತದ ಮೇಲೆ ಬೆಳ್ಳಗೆ ಕೊಬ್ಬು ತೇಲಿತ್ತು. "ತುಪ್ಪ ಮುಟ್ಟಬ್ಯಾಡ್ರಿ. ಈ ಸಲ ತಿಳಿಯಾಗಿದ್ರೆ ಮಗಳ ಮದುವ್ಯಾಗೆ ಉಣ್ಣುವಿರಂತೆ" ಎಂದಿದ್ದರು ಡಾಕ್ಟರು. ಆ ಒಂದು ಆಸೆಗೆ ಶಿಕಾರಿಪುರದ ಈ ಬಡಪಾಯಿ ಗುಮಾಸ್ತ ತಿಂಗಳಿಡೀ ಒಣರೊಟ್ಟಿ ಅಗಿದಿದ್ದ.

ಜೊತೆಗೆ ಹೊರಟಿದ್ದ ಪಕ್ಕದ ಮನೆಯ ಆನಂದಪ್ಪ ಬಸ್ಸಿನಲ್ಲಿ ಮೆಲ್ಲಗೆ ಒಂದು ಸೀಸೆ ತೆಗೆದ.

"ನಮ್ಮ ಅತ್ತೆಗೆ ಅದೇ ಡಾಕ್ಟರು ಕೊಟ್ಟಿದ್ದು. ತುಪ್ಪ ಅರಗಿಸೋ ಮಾತ್ರೆ. ಅರಗಿ ಹೋದ್ಮ್ಯಾಲೆ ರಕ್ತದಾಗೆ ಎಲ್ಲಿರ್ತೈತ್ರಿ ತುಪ್ಪ?"

"ಹೌದಲ್ರೀ!" ಪರಮಶಿವಪ್ಪನಿಗೆ ಆನಂದಪ್ಪ ಸಾಕ್ಷಾತ್ ದೇವರಂತೆ ಕಂಡ.

ಪಂಕ್ತಿಯಲ್ಲಿ ಬೀಗ ಶೇಷಪ್ಪನೇ ತುಪ್ಪದ ತಂಬಿಗೆ ಹಿಡಿದು ನಿಂತ. "ಸಾಕು ಅನ್ಬೇಡಿ ಮಾರಾಯ್ರೇ, ನಮ್ಮನೆ ಎಮ್ಮೆ ಬೇಜಾರು ಮಾಡ್ಕೊಳ್ತದೆ!" ಎಮ್ಮೆಗಾದರೂ ಯಾಕೆ ಬೇಜಾರು? ಪರಮಶಿವಪ್ಪ ಸಾಕು ಅನ್ನಲೇ ಇಲ್ಲ. ಒಂದು ಹೋಳಿಗೆ, ಒಂದು ಮಾತ್ರೆ. ಇನ್ನೊಂದು ಹೋಳಿಗೆ, ಇನ್ನೊಂದು ಮಾತ್ರೆ. ಒಳಗಿನಿಂದ ಹೆಂಡತಿ ರಾಜೇಶ್ವರಮ್ಮ ಕಣ್ಣು ಕೆಂಪು ಮಾಡಿದರೆ, ಇವನು ಸೀಸೆ ಎತ್ತಿ ತೋರಿಸಿದ. ಏಳುವ ಹೊತ್ತಿಗೆ ಸೀಸೆಯೂ ಖಾಲಿ, ತಂಬಿಗೆಯೂ ಖಾಲಿ.

ಸಂಜೆ ಊರಿಗೆ ಮರಳಿದ ಮೇಲೆ ಡಾಕ್ಟರು ರಕ್ತ ತೆಗೆದು ಕೊಳವೆಯಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಮೇಲೆ ಕೆನೆಗಟ್ಟಿತು.

"ಏನ್ರೀ ಇದು, ಎಮ್ಮೆ ಹಾಲು ಕರೆದಂಗೈತೆ!"

ಪರಮಶಿವಪ್ಪ ತೊದಲುತ್ತಾ ಸೀಸೆ ಮುಂದಿಟ್ಟ. ಡಾಕ್ಟರು ತಲೆಯ ಮೇಲೆ ಕೈ ಹೊತ್ತರು.

"ಅಯ್ಯೋ ಪುಣ್ಯಾತ್ಮಾ! ಆ ಮುದುಕಿಗೆ ತಿಂದ ತುಪ್ಪ ಮೈಗೆ ಹತ್ತದೆ ಹೊರಗೆ ಹೋಗ್ತಿತ್ತು. ರಕ್ತಕ್ಕೆ ಸೇರಲಿ ಅಂತ ಕೊಟ್ಟ ಮಾತ್ರೆ ಇದು. ಅರಗೋದು ಅಂದ್ರೆ ಮಾಯ ಆಗೋದಲ್ರೀ, ಮೈ ಸೇರೋದು! ನಿಮ್ಮ ಹೊಟ್ಟೆಗಂತೂ ಇದರ ಹಂಗೇ ಬೇಕಿಲ್ಲ. ಮದುವ್ಯಾಗೆ ನಿಮಗೆ ಗಂಜಿ!"

ಆನಂದಪ್ಪ ಅಷ್ಟರಲ್ಲಿ ಮೆಟ್ಟಿಲಿಳಿದಾಗಿತ್ತು. ಡಾಕ್ಟರು ಹೊಸ ಸೀಸೆ ಬರೆದುಕೊಟ್ಟು, "ಮುದುಕಿಗೆ ಮಾತ್ರೆ ಜೊತೆ ತುಪ್ಪಾನೂ ಚೆನ್ನಾಗಿ ಬೀಳ್ಬೇಕು" ಎಂದರು.

"ನಮ್ಮನೆ ತುಪ್ಪ ಇನ್ನು ಆಕೆಗೇ. ನೀವೇ ಒಯ್ದು ಬಡಿಸ್ರಿ" ಎಂದಳು ಗಂಡನಿಗೆ, ಜೊತೆಗೆ ಬಂದಿದ್ದ ರಾಜೇಶ್ವರಮ್ಮ.

ಆ ರಾತ್ರಿಯೂಟಕ್ಕೆ ಪರಮಶಿವಪ್ಪ ಆನಂದಪ್ಪನ ಮನೆಯಲ್ಲಿ ಮುದುಕಿ ತುಂಗಮ್ಮನ ತಟ್ಟೆಗೆ ಬಾಗಿದ. ಬಿಸಿ ಅನ್ನದ ಮೇಲೆ ತುಪ್ಪ ಹರಿಯಿತು, ಘಮ ಮೂಗಿಗೆ ಬಡಿಯಿತು, ಅವನು ತುಪ್ಪದ ಪಾತ್ರೆಗೇ ಮೂಗಿಟ್ಟು ನಿಂತ.

"ಹಾಕಪ್ಪಾ, ಬರೇ ಮೂಸ್ತೀಯಲ್ಲ, ನೀನು ಉಣ್ಣಂಗಿಲ್ಲೇನು?" ಎಂದಳು ತುಂಗಮ್ಮ. "ನಿನಗೂ ಮೈಗೆ ಹತ್ತಂಗಿಲ್ಲೇನೋ ಪಾಪ. ಡಾಕ್ಟರ ಹತ್ರ ಮಾತ್ರೆ ಐತಂತೆ, ಕೇಳು!"